ಶಾಂಪೂವಿನ ಪೂರ್ವಾಶ್ರಮ

ಸಂನ್ಯಾಸಿಗಳಿಗೆ ಪೂರ್ವಾಶ್ರಮವೆಂಬುದೊಂದು ಇರುವಂತೆ ಶಬ್ದಗಳಿಗೂ ಪೂರ್ವಾಶ್ರಮವುಂಟು. ಕಾವಿಯನ್ನುಟ್ಟ ಯತಿಯನ್ನು ಕಂಡು, ಈತನು ಹಿಂದೆ ಯಾವ ಊರಿನವನು, ಯಾರ ಮಗನು, ಯಾವ ವೃತ್ತಿಯಿಂದ ಜೀವಿಸುತ್ತಿದ್ದನು ಎಂದು ಕೇಳುವುದು ಶಿಷ್ಟಾಚಾರವಲ್ಲ. ಶಬ್ದಗಳ ವಿಷಯದಲ್ಲಿ ಅಂತಹ ನಿಷೇಧವೇನೂ ಇಲ್ಲವಾದುದರಿಂದ, ನಾವು ಈ ಪುಟದಲ್ಲಿ ತಿಂಗಳಿಗೊಂದರಂತೆ ಅವುಗಳ ಮನೆತನವನ್ನು ವಿಚಾರಿಸುತ್ತ ಬಂದಿದ್ದೇವೆ. ಈ ತಿಂಗಳು ವಿಚಾರಣೆಗೆ ಬಂದಿರುವುದು ನಮ್ಮ ವಾಚಕರ ಬಚ್ಚಲುಮನೆಯ ಗೂಡಿನಲ್ಲಿಯೇ ಇರತಕ್ಕ ಒಂದು ಸೀಸೆ. ಸೀಸೆಯಿಲ್ಲದ ಮನೆಗಳಲ್ಲಿ, ಗೂಡಂಗಡಿಯ ಬಾಗಿಲಿಗೆ ತೋರಣದಂತೆ ತೂಗುವ ಸರದಿಂದ ಹರಿದು ತಂದ ಒಂದು ಪುಟ್ಟ ಪೊಟ್ಟಣ. ಅದರ ಹೆಸರು ಶಾಂಪೂ.

ಈ ಹೆಸರನ್ನು ನಾವು ಮರೆಯುವಂತಿಲ್ಲ. ಪಾಠಶಾಲೆಯಲ್ಲಿ ನಾವು ಕನ್ನಡ ಸಂಸ್ಕೃತಗಳನ್ನು ಬೋಧಿಸುತ್ತಿದ್ದ ಕಾಲದಲ್ಲಿ, ಪಂಪನ ವಿಕ್ರಮಾರ್ಜುನವಿಜಯವು ಚಂಪೂಕಾವ್ಯವೆಂದೂ, ಗದ್ಯಪದ್ಯಗಳೆರಡೂ ಬೆರೆತ ಕಾವ್ಯಕ್ಕೆ ಚಂಪೂ ಎಂಬ ಸಂಜ್ಞೆಯೆಂದೂ ಹೇಳಿದೊಡನೆಯೇ ತರಗತಿಯ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ನಗೆಯೇಳುತ್ತಿತ್ತು. ವರ್ಷ ವರ್ಷವೂ ಹುಡುಗರು ಬೇರೆ, ನಗೆ ಮಾತ್ರ ಅದೇ. ಒಂದು ವರ್ಷ ಒಬ್ಬ ಬಾಲಕನು ಎದ್ದುನಿಂತು, “ಹಾಗಾದರೆ ಪಂಪನು ತಲೆ ತೊಳೆಯುವುದಕ್ಕೆ ಬರೆದನೇ, ಗುರುಗಳೇ?” ಎಂದು ಕೇಳಿಯೂಬಿಟ್ಟನು. ಚಂಪೂವಿಗೂ ಶಾಂಪೂವಿಗೂ ಯಾವ ನಂಟೂ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಲೇಸು. ಆದರೂ ಆ ಹುಡುಗನ ಕಿವಿ ಒಂದು ವಿಷಯದಲ್ಲಿ ಸೂಕ್ಷ್ಮವಾಗಿಯೇ ಇದ್ದಿತು: ಶಾಂಪೂವಿನ ಶಕಾರವು ಹಿಂದೆ ಚಕಾರವೇ ಆಗಿದ್ದಿತು.

ಶಾಂಪೂ ಪರದೇಶದ ಸರಕು, ಆ ಮಾತು ಆಂಗ್ಲರ ಮಾತು ಎಂದೇ ಬಹುಜನರ ತಿಳಿವಳಿಕೆ. ಸರಕಿನ ಮಾತು ಆಮೇಲೆ ಬರಲಿ; ಹೆಸರಂತೂ ನಮ್ಮದು. ಹಿಂದೀ ಭಾಷೆಯಲ್ಲಿ ‘ಚಾಂಪ್‌ನಾ’ ಎಂದರೆ ಒತ್ತುವುದು, ಅಮುಕುವುದು, ನಾದುವುದು. ಅದರ ಆಜ್ಞಾರ್ಥರೂಪವು ‘ಚಾಂಪೋ’. ಈ ರೂಪವೇ ಆಂಗ್ಲರ ಬಾಯಲ್ಲಿ ಶಾಂಪೂ ಆಯಿತು. ಆಂಗ್ಲಭಾಷೆಯ ಬರಹದಲ್ಲಿ ಅದು ಮೊದಲು ಕಾಣಿಸಿಕೊಂಡದ್ದು ೧೭೬೨ನೆಯ ಇಸವಿಯಲ್ಲಿ. ಆಗ ಅದಕ್ಕೆ ಕೂದಲಿನ ಸಂಬಂಧವಿರಲಿಲ್ಲ, ನೊರೆಯ ಸಂಬಂಧವಿರಲಿಲ್ಲ, ಸೀಸೆಯ ಸಂಬಂಧವಂತೂ ಇರಲೇ ಇಲ್ಲ. ಒಬ್ಬನ ಮೈಕೈಗಳನ್ನು ಮತ್ತೊಬ್ಬನು ತನ್ನ ಹಸ್ತಗಳಿಂದ ಒತ್ತಿ, ನೀವಿ, ದಣಿವಾರಿಸುವುದು, ಇಷ್ಟೇ ಅದರ ಅರ್ಥ.

ವ್ಯಾಕರಣದಲ್ಲಿ ಅಭಿರುಚಿಯುಳ್ಳ ವಾಚಕರು ಇಲ್ಲಿ ಕೊಂಚ ನಿಲ್ಲಬೇಕು. ಒಂದು ಭಾಷೆಯು ಮತ್ತೊಂದರಿಂದ ಸಾಲ ತರುವಾಗ ಸಾಮಾನ್ಯವಾಗಿ ನಾಮಪದವನ್ನು ತರುತ್ತದೆ. ಮೇಜು, ಕುರ್ಚಿ, ಸಾಬೂನುಗಳು ನಮ್ಮಲ್ಲಿಗೆ ಬಂದುದು ಹಾಗೆ. ಆಂಗ್ಲರು ಹಿಂದೂಸ್ಥಾನದಿಂದ ಒಯ್ದ ಕ್ರಿಯಾಪದಗಳಾದರೋ ಬಹುಮಟ್ಟಿಗೆ ಆಜ್ಞಾರ್ಥದಲ್ಲಿಯೇ ಇವೆ. ‘ದೇಖೋ’ ಎಂಬುದು ಅವರ ಸಿಪಾಯಿಗಳ ಬಾಯಲ್ಲಿ ‘ಡೆಕ್ಕೋ’ ಆಯಿತು. ಚಾಂಪೋ ಎಂಬುದು ಶಾಂಪೂ ಆಯಿತು. ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು ಸಂಕಲಿಸಿ, ೧೮೮೬ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ಎಂಬ ಕೋಶವು ಈ ಸಂಗತಿಯನ್ನು ಗುರುತಿಸಿದೆ. (ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಆಂಗ್ಲರಿಗೆ ಪರಿಚಯಿಸಿದವನೂ ಇದೇ ಬರ್ನೆಲ್.) ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಆ ದೊರೆಗಳಿಗೂ ಅವರ ಆಳುಗಳಿಗೂ ನಡುವೆ ನಡೆಯುತ್ತಿದ್ದ ಸಂಭಾಷಣೆಯಲ್ಲಿ ಆಜ್ಞೆಯ ಹೊರತು ಬೇರೆ ಕ್ರಿಯಾಪದಗಳಿಗೆ ಅವಕಾಶವೇ ಅಲ್ಪವಾಗಿದ್ದಿತು. ಬಿಸಿಲಿನ ಮಧ್ಯಾಹ್ನದಲ್ಲಿ ಕಾಲುಚಾಚಿ ಮಲಗಿದವನು ಆಡುವ ಮಾತು ಅದು: ಒತ್ತು.

ಸಂಸ್ಕೃತದ ಕಡೆ ತಿರುಗಿದರೆ ಸಂಬಂಧವು ಇನ್ನೂ ಹಿಂದಕ್ಕೆ ಹೋಗುತ್ತದೆ. ಕೋಶಕಾರರು ಈ ಮಾತನ್ನು ಅರೆಯುವುದು, ನಾದುವುದು ಎಂಬ ಅರ್ಥದ ‘ಚಪ’ ಧಾತುವಿನೊಡನೆ ಸೇರಿಸುತ್ತಾರೆ. ಧಾತುಪಾಠದಲ್ಲಿ ಅದೇ ರೂಪದ ಇನ್ನೊಂದು ಧಾತುವೂ ಉಂಟು. ಅದಕ್ಕೆ ಹೇಳಿರುವ ಅರ್ಥವು ಸಾಂತ್ವನ. ಒತ್ತುವುದೂ ಸಂತೈಸುವುದೂ ಒಂದೇ ರೂಪದಲ್ಲಿ ನಿಂತಿರುವುದು ನಮ್ಮ ಮನಸ್ಸಿಗೆ ಬಹಳ ಹಿಡಿಸಿತು. ಇದರ ಮೇಲೆ ಸಿದ್ಧಾಂತವನ್ನು ಕಟ್ಟುವ ಗೋಜಿಗೆ ನಾವು ಹೋಗುವುದಿಲ್ಲ. ಮಂಡಿನೋವಿನ ಮುದುಕರಿಗೆ ಅದು ಸಿದ್ಧಾಂತವಿಲ್ಲದೆಯೂ ತಿಳಿಯುತ್ತದೆ.

ಈ ವಿದ್ಯೆಗೆ ನಮ್ಮ ಹಿಂದಿನವರು ಇಟ್ಟ ಶಿಷ್ಟನಾಮವು ಸಂವಾಹನ. ವಾತ್ಸ್ಯಾಯನನು ಎಣಿಸಿದ ಅರುವತ್ತನಾಲ್ಕು ಕಲೆಗಳಲ್ಲಿ ಉತ್ಸಾದನ, ಸಂವಾಹನ, ಕೇಶಮರ್ದನ ಎಂಬ ಮೂರರ ನೈಪುಣ್ಯವೂ ಸೇರಿ ಒಂದು ಕಲೆಯಾಗಿದೆ. ಕಾಲಿನಿಂದ ತುಳಿದು ಒತ್ತುವುದು ಉತ್ಸಾದನ, ತಲೆಗೆ ಎಣ್ಣೆಯೊತ್ತುವುದು ಕೇಶಮರ್ದನ, ಮಿಕ್ಕ ಅಂಗಗಳನ್ನು ಕೈಯಿಂದ ಒತ್ತುವುದು ಸಂವಾಹನ ಎಂದು ವ್ಯಾಖ್ಯಾನಕಾರನು ವಿಂಗಡಿಸುತ್ತಾನೆ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ, ಅರಸನ ಮೈಯೊತ್ತುವ ಕೆಲಸವನ್ನು ನಂಬಿಕೆಯ ದಾಸಿಯರಿಗೆ ವಹಿಸುತ್ತಾನೆ. ಅರಸನ ಕತ್ತಿನ ಹತ್ತಿರಕ್ಕೆ ಬರತಕ್ಕ ಕೈ ಯಾರದೆಂಬುದು ಆ ಮಹಾಶಯನಿಗೆ ರಾಜಕಾರ್ಯವೇ ಸರಿ.

ಆದರೆ ಸಂವಾಹನವನ್ನು ವೃತ್ತಿಯಾಗಿ ಹಿಡಿದ ಮನುಷ್ಯನೊಬ್ಬನನ್ನು ಹೆಸರಿಟ್ಟಂತೆ ನಮ್ಮ ಮುಂದೆ ನಿಲ್ಲಿಸಿದವನು ಮೃಚ್ಛಕಟಿಕದ ಕರ್ತೃವಾದ ಶೂದ್ರಕ. ಆ ನಾಟಕದ ಎರಡನೆಯ ಅಂಕದಲ್ಲಿ, ಜೂಜಿನಲ್ಲಿ ಹತ್ತು ಸುವರ್ಣಗಳನ್ನು ಸೋತು ಓಡಿಬರುವ ಒಬ್ಬ ಬಡಪಾಯಿಯಿದ್ದಾನೆ. ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳಲು ಪಾಳುಗುಡಿಯೊಂದನ್ನು ಹೊಕ್ಕು, ವಿಗ್ರಹವಿಲ್ಲದ ಪೀಠದ ಮೇಲೆ ತಾನೇ ದೇವರಾಗಿ ನಿಂತುಬಿಡುತ್ತಾನೆ. ಬೆನ್ನಟ್ಟಿದವರೂ ಜಾಣರೇ. ಅಲ್ಲಿಯೇ ಕುಳಿತು ಜೂಜಾಡತೊಡಗುತ್ತಾರೆ. ಕವಡೆಯ ಸದ್ದು ಕಿವಿಗೆ ಬಿದ್ದ ಮೇಲೆ ದೇವರು ಎಷ್ಟು ಹೊತ್ತು ಸುಮ್ಮನಿದ್ದಾನು? ಪೀಠದಿಂದ ಇಳಿದೇಬಿಟ್ಟನು! ಮುಂದೆ ಆತನು ಏಟು ತಿಂದು, ಹೇಗೋ ಬಿಡಿಸಿಕೊಂಡು, ವಸಂತಸೇನೆಯ ಮನೆಯನ್ನು ಹೊಗುತ್ತಾನೆ. ಯಾರು ನೀನೆಂದು ಅವಳು ಕೇಳಲು, ತಾನು ಪಾಟಲೀಪುತ್ರದವನೆಂದೂ, ಗೃಹಸ್ಥನ ಮಗನೆಂದೂ, ಸಂವಾಹಕವೃತ್ತಿಯಿಂದ ಜೀವಿಸುವವನೆಂದೂ ಹೇಳಿಕೊಳ್ಳುತ್ತಾನೆ. ಬಹು ಸುಕುಮಾರವಾದ ಕಲೆಯನ್ನು ಕಲಿತಿದ್ದೀಯೆ ಎಂದು ಅವಳು ಮೆಚ್ಚಿದಾಗ ಅವನು ಕೊಡುವ ಉತ್ತರವು, ನಾವು ಆ ನಾಟಕವನ್ನು ಪಾಠ ಹೇಳಿದಾಗಲೆಲ್ಲ ನಮ್ಮನ್ನು ತಡೆದು ನಿಲ್ಲಿಸಿದೆ. ಕಲಿಯುವಾಗ ಅದನ್ನು ಕಲೆಯೆಂದೇ ಕಲಿತನಂತೆ. ಈಗ ಅದು ಹೊಟ್ಟೆಪಾಡಾಗಿದೆಯಂತೆ. ವಸಂತಸೇನೆಯು ತನ್ನ ಕಡಗವನ್ನು ಕೊಟ್ಟು ಅವನ ಸಾಲವನ್ನು ತೀರಿಸುತ್ತಾಳೆ. ಅವನು ಬೌದ್ಧಭಿಕ್ಷುವಾಗಿ, ಕೊನೆಗೆ ಅವಳ ಪ್ರಾಣವನ್ನೇ ಉಳಿಸುತ್ತಾನೆ. ನಾಟಕದುದ್ದಕ್ಕೂ ಕವಿಯು ಅವನಿಗೆ ಬೇರೆ ಹೆಸರನ್ನು ಕೊಡಲಿಲ್ಲ. ಅವನ ಕೈಗಳ ಕೆಲಸವೇ ಅವನ ಹೆಸರು.

ಪಾಟಲೀಪುತ್ರವೆಂದರೆ ಇಂದಿನ ಪಟ್ನಾ. ಶೂದ್ರಕನ ಕಾಲದಿಂದ ಸಾವಿರ ವರ್ಷಕ್ಕೂ ಮಿಗಿಲಾಗಿ ಕಳೆದ ಮೇಲೆ, ೧೭೫೯ರಲ್ಲಿ, ಅದೇ ಪಟ್ನಾ ಪಟ್ಟಣದಲ್ಲಿ ಶೇಖ್ ದೀನ್ ಮಹಮದ್ ಎಂಬುವನು ಜನಿಸಿದನು. ಕವಿಗಳು ಕಲ್ಪಿಸಿದ್ದರೆ ಇದನ್ನು ಅತಿಯಾಯಿತೆಂದು ನಾವೇ ಆಕ್ಷೇಪಿಸುತ್ತಿದ್ದೆವು; ಚರಿತ್ರೆಯನ್ನು ಆಕ್ಷೇಪಿಸುವಂತಿಲ್ಲ. ತಂದೆಯು ಕುಂಪಣಿಯ ಬಂಗಾಳ ಸೈನ್ಯದಲ್ಲಿದ್ದವನು. ಮಗನು ಇನ್ನೂ ಎಳೆಯನಾಗಿರುವಾಗಲೇ ಮಡಿದನು. ಹುಡುಗನು ಗಾಡ್‌ಫ್ರೀ ಬೇಕರ್ ಎಂಬ ಐರ್ಲೆಂಡಿನ ತರುಣ ಅಧಿಕಾರಿಯ ಬೆನ್ನುಹತ್ತಿ ದಂಡಿನ ಜೊತೆಯಲ್ಲಿ ಊರೂರು ತಿರುಗಿದನು, ಬೆಳೆದನು, ಸುಬೇದಾರನಾದನು. ೧೭೮೨ರಲ್ಲಿ ಬೇಕರನು ಕೆಲಸ ಬಿಡಲು ಇವನೂ ಬಿಟ್ಟನು. ೧೭೮೪ರಲ್ಲಿ ಅವನೊಡನೆ ಹಡಗೇರಿ ಐರ್ಲೆಂಡಿನ ಕಾರ್ಕ್ ಪಟ್ಟಣವನ್ನು ಸೇರಿದನು. ಅಲ್ಲಿ ಆಂಗ್ಲಭಾಷೆಯನ್ನು ವ್ಯಾಸಂಗಮಾಡಿ, ೧೭೮೬ರಲ್ಲಿ ಜೇನ್ ಡೇಲಿ ಎಂಬ ಕನ್ಯೆಯನ್ನು ಮನೆಯವರಿಗೆ ತಿಳಿಯದಂತೆ ಕರೆದೊಯ್ದು ವಿವಾಹವಾದನು. ೧೭೯೪ರಲ್ಲಿ ತನ್ನ ಪ್ರವಾಸಗಳನ್ನು ಕುರಿತು ಪತ್ರಗಳ ರೂಪದಲ್ಲಿ ಎರಡು ಸಂಪುಟಗಳ ಗ್ರಂಥವನ್ನು ಅಚ್ಚುಹಾಕಿಸಿದನು. ಭಾರತೀಯನೊಬ್ಬನು ಆಂಗ್ಲಭಾಷೆಯಲ್ಲಿ ಬರೆದು ಪ್ರಕಟಿಸಿದ ಮೊದಲನೆಯ ಪುಸ್ತಕವೇ ಅದು. ಇಂದು ಆಂಗ್ಲಭಾಷೆಯಲ್ಲಿ ಬರೆದು ಬಿರುದು ಬಹುಮಾನಗಳನ್ನು ಪಡೆಯುವ ನಮ್ಮವರ ಗುರುಪರಂಪರೆಯ ತುದಿಯಲ್ಲಿ ಒಬ್ಬ ಸುಬೇದಾರನು ಕುಳಿತಿದ್ದಾನೆಂದು ಎಷ್ಟು ಮಂದಿ ಬಲ್ಲರು!

ಪುಸ್ತಕವು ಯಾರ ಹೊಟ್ಟೆಯನ್ನೂ ಬಹುಕಾಲ ತುಂಬುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದೀನ್ ಮಹಮದನು ಸಂಸಾರಸಮೇತನಾಗಿ ಲಂಡನ್ನಿಗೆ ಬಂದನು. ಅಲ್ಲಿ ಬೇಸಿಲ್ ಕಾಕ್ರೇನ್ ಎಂಬ ಶ್ರೀಮಂತನಿದ್ದನು. ಮದರಾಸಿನಲ್ಲಿ ಹಣ ಗಳಿಸಿ ಮರಳಿದ್ದ ಆತನು ಉಗಿಸ್ನಾನದ ಮನೆಯೊಂದನ್ನು ನಡೆಸುತ್ತಿದ್ದನು. ಅಲ್ಲಿಯೇ ದೀನ್ ಮಹಮದನು ಉಗಿಯ ಜೊತೆಗೆ ಚಾಂಪೋ ವಿದ್ಯೆಯನ್ನು ಸೇರಿಸಿದನು. ಅನಂತರ ೧೮೧೦ರಲ್ಲಿ ಪೋರ್ಟ್‌ಮನ್ ಚೌಕದ ಬಳಿಯ ಜಾರ್ಜ್ ಬೀದಿಯಲ್ಲಿ ‘ಹಿಂದೂಸ್ಥಾನೀ ಕಾಫೀಗೃಹ’ವೆಂಬ ಭೋಜನಶಾಲೆಯನ್ನು ತೆರೆದನು. ಹೆಸರಿನಲ್ಲಿ ಕಾಫಿಯಿದ್ದರೂ ಬಡಿಸುತ್ತಿದ್ದದ್ದು ಹಿಂದೂಸ್ಥಾನದ ಮಸಾಲೆಯ ಅಡಿಗೆ; ಊಟವಾದ ಮೇಲೆ ಸೇದುವುದಕ್ಕೆ ಹುಕ್ಕ; ಕೂರುವುದಕ್ಕೆ ಬಿದಿರಿನ ಆಸನಗಳು. ಲಂಡನ್ನಿನಲ್ಲಿ ಭಾರತೀಯನೊಬ್ಬನು ಇಟ್ಟ ಮೊದಲ ಭಾರತೀಯ ಹೋಟೆಲು ಅದು. ಎರಡೇ ವರ್ಷಗಳಲ್ಲಿ, ೧೮೧೨ರಲ್ಲಿ, ಅವನು ದಿವಾಳಿಯಾದನು. ಭಾರತದಲ್ಲಿ ದೊರೆತನ ಮಾಡಿ ಬಂದವರ ಮನೆಗಳಲ್ಲಿ ಅದಾಗಲೇ ಅಡಿಗೆಯಾಳುಗಳಿದ್ದರು. ಮನೆಯಲ್ಲಿಯೇ ಉಣ್ಣುವವರು ಬೀದಿಗೆ ಏಕೆ ಬಂದಾರು? ಐವತ್ತು ದಾಟಿದ ಗ್ರಂಥಕರ್ತನು ೧೮೧೩ರಲ್ಲಿ ವೃತ್ತಪತ್ರಿಕೆಯಲ್ಲಿ, ಮನೆಗೆಲಸದ ಊಳಿಗ ಬೇಕಾಗಿದೆಯೆಂದು ಜಾಹೀರಾತು ಕೊಡಬೇಕಾಯಿತು.

ಆ ಬಳಿಕ, ೧೮೧೪ರಲ್ಲಿ, ಸಮುದ್ರತೀರದ ಬ್ರೈಟನ್ ಪಟ್ಟಣ. ರಾಜಕುಮಾರನು ಸಮುದ್ರಸ್ನಾನಕ್ಕೆಂದು ಬರುತ್ತಿದ್ದುದರಿಂದ ಆ ಊರು ಶ್ರೀಮಂತರ ಯಾತ್ರಾಸ್ಥಳವಾಗಿದ್ದಿತು. ಅಲ್ಲಿಯ ಅರಮನೆಯನ್ನು ಆ ವರ್ಷಗಳಲ್ಲಿಯೇ ಮೊಗಲರ ಕಟ್ಟಡಗಳ ಮಾದರಿಯ ಗುಮ್ಮಟಗಳಿಂದ ಹೊಸದಾಗಿ ಕಟ್ಟಲಾರಂಭಿಸಿದ್ದರು. (ಮುಂದೆ ಪ್ರಥಮ ಮಹಾಯುದ್ಧದಲ್ಲಿ ಗಾಯಗೊಂಡ ನಮ್ಮ ಸಿಪಾಯಿಗಳಿಗೆ ಆಸ್ಪತ್ರೆಯಾದದ್ದು ಇದೇ ಅರಮನೆ.) ಹೊರಗೆ ಹಿಂದೂಸ್ಥಾನದ ಗುಮ್ಮಟವನ್ನು ಬಯಸಿದವರು ಒಳಗೆ ಹಿಂದೂಸ್ಥಾನದ ಹಸ್ತವನ್ನು ಬಯಸದಿರುವರೇ? ೧೮೨೧ರ ಸುಮಾರಿಗೆ ಕಡಲ ತಡಿಯಲ್ಲಿ ‘ಮಹಮದನ ಸ್ನಾನಗೃಹ’ವು ಎದ್ದು ನಿಂತಿತು.

ಅಲ್ಲಿ ನಡೆಯುತ್ತಿದ್ದ ಉಪಚಾರದ ಕ್ರಮವು ಹೀಗಿದ್ದಿತು. ರೋಗಿಯನ್ನು ಗಿಡಮೂಲಿಕೆಗಳ ಉಗಿಯಲ್ಲಿ ಚೆನ್ನಾಗಿ ಬೆವರುವಂತೆ ಕುಳ್ಳಿರಿಸುವರು. ಅವನ ಸುತ್ತ ಫ್ಲಾನೆಲ್ ಬಟ್ಟೆಯ ಡೇರೆ. ಆ ಡೇರೆಗೆ ಅಂಗಿಯ ತೋಳುಗಳಂತೆ ಎರಡು ತೋಳುಗಳನ್ನು ಹೊಲಿದಿರುವರು. ಹೊರಗೆ ನಿಂತವನು ಆ ತೋಳುಗಳ ಮೂಲಕ ತನ್ನ ಕೈಗಳನ್ನಷ್ಟೇ ಒಳಕ್ಕೆ ನೀಡಿ, ಕೀಲುಕೀಲುಗಳನ್ನು ಒತ್ತಿ ನಾದುವನು. ಒಳಗಿನವನಿಗೆ ಹೊರಗಿನವನ ಮುಖ ಕಾಣದು, ಬಣ್ಣ ಕಾಣದು, ಎರಡು ಹಸ್ತಗಳಷ್ಟೇ. ಸ್ತ್ರೀಯರ ವಿಭಾಗವನ್ನು ಜೇನಳೇ ನೋಡಿಕೊಳ್ಳುತ್ತಿದ್ದಳು. ಸಂಧಿವಾತದಿಂದ ಊರುಗೋಲಿನ ಮೇಲೆ ಬಂದವರಲ್ಲಿ ಕೆಲವರು ಗುಣಹೊಂದಿ ಬಿಟ್ಟುಹೋದ ಊರುಗೋಲುಗಳನ್ನು ಮುಂಗಟ್ಟಿನಲ್ಲಿ ಪ್ರದರ್ಶನಕ್ಕಿಟ್ಟಿದ್ದನಂತೆ. ನಮ್ಮ ಕ್ಷೇತ್ರಗಳಲ್ಲಿ ಹರಕೆಯ ಬೆಳ್ಳಿ ಕಣ್ಣು ಕಾಲುಗಳನ್ನು ಕಂಡ ವಾಚಕರಿಗೆ ಇದರ ಮರ್ಮವನ್ನು ವಿವರಿಸಬೇಕಾದುದಿಲ್ಲ. ನಾಲ್ಕನೆಯ ಜಾರ್ಜನೂ ನಾಲ್ಕನೆಯ ವಿಲಿಯಮ್ಮನೂ ಅವನನ್ನು ‘ಶಾಂಪೂಯಿಂಗ್ ಸರ್ಜನ್’ ಎಂಬ ಬಿರುದಿನಿಂದ ರಾಜಸೇವೆಗೆ ನೇಮಿಸಿಕೊಂಡರು.

೧೮೨೨ರಲ್ಲಿ ದೀನ್ ಮಹಮದನು ತನ್ನ ಚಿಕಿತ್ಸೆಯನ್ನು ಕುರಿತು ಎರಡನೆಯ ಗ್ರಂಥವನ್ನು ಪ್ರಕಟಿಸಿದನು. ಗುಣಹೊಂದಿದವರ ವೃತ್ತಾಂತಗಳು ಅದರಲ್ಲಿ ಹೇರಳವಾಗಿವೆ. ಅದರಲ್ಲಿಯೇ ಒಂದು ವಿನೋದವೂ ಉಂಟು. ತಾನು ಸೈನ್ಯಕ್ಕೆ ಸೇರುವ ಮೊದಲು ವೈದ್ಯಶಿಕ್ಷಣವನ್ನು ಪಡೆದಿದ್ದೆನೆಂದು ತೋರಿಸುವುದಕ್ಕಾಗಿ ತನ್ನ ಜನನವನ್ನು ಹತ್ತು ವರ್ಷ ಹಿಂದಕ್ಕೆ ತಳ್ಳಿ, ೧೭೪೯ ಎಂದು ಬರೆದುಕೊಂಡನು. ಶಾಲೆಯ ದಾಖಲೆಪುಸ್ತಕದಲ್ಲಿ ಮಗನ ವಯಸ್ಸನ್ನು ಒಂದೆರಡು ವರ್ಷ ಇಳಿಸಿ ಬರೆಸಲು ಬರುತ್ತಿದ್ದ ತಂದೆಗಳನ್ನು ನಾವು ನೂರಾರು ಮಂದಿಯನ್ನು ಕಂಡಿದ್ದೇವೆ. ಏರಿಸಿ ಬರೆದವನ ವೃತ್ತಾಂತವನ್ನು ಕೇಳಿದ್ದು ಇದೊಂದೇ. ಆ ಹತ್ತು ವರ್ಷಗಳ ಸುಳ್ಳನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಅದು ಏಕೆ ಬೇಕಾಯಿತೆಂಬುದನ್ನು ಆಲೋಚಿಸಿದರೆ ಮನಸ್ಸು ಮೃದುವಾಗುತ್ತದೆ. ಒತ್ತುವ ಕೈಗೆ ಬೆಲೆ ಬರಬೇಕಾದರೆ ಅದು ವೈದ್ಯನ ಕೈಯೆನ್ನಿಸಿಕೊಳ್ಳಬೇಕಾಗಿದ್ದಿತು. ಆಳಿನ ಕೈಯಾಗಿದ್ದರೆ ಸಾಲದು. ಆಳಿಗೆ ಎಸೆಯುವ ಆಜ್ಞೆಯಾಗಿದ್ದ ಮಾತನ್ನೇ ಎತ್ತಿ ತನ್ನ ಬಾಗಿಲ ಮೇಲೆ ಬಿರುದಾಗಿ ಬರೆಯಿಸಿದ ಈ ಪಟ್ನಾದವನು, ಕಲೆಯು ಹೊಟ್ಟೆಪಾಡಾಯಿತೆಂದು ನಿಟ್ಟುಸಿರಿಟ್ಟ ಆ ಪಾಟಲೀಪುತ್ರದವನಿಗೆ ಹೇಳಿದ ಉತ್ತರವಿದೆಂದು ನಮಗೆ ಅನ್ನಿಸುತ್ತದೆ.

ವಿಕ್ಟೋರಿಯಾ ರಾಣಿಯ ಕಾಲಕ್ಕೆ ರಾಜಾಶ್ರಯವು ತಪ್ಪಿತು. ೧೮೫೧ರ ಫೆಬ್ರವರಿಯಲ್ಲಿ ದೀನ್ ಮಹಮದನು ಬ್ರೈಟನ್ನಿನಲ್ಲಿಯೇ ತೀರಿಕೊಂಡನು. ಸ್ನಾನಗೃಹವಿದ್ದ ಸ್ಥಳದಲ್ಲಿ ಈಗ ಹೋಟೆಲಿದೆ. ಲಂಡನ್ನಿನ ಜಾರ್ಜ್ ಬೀದಿಯಲ್ಲಿ ಅವನ ಭೋಜನಶಾಲೆಯ ನೆನಪಿಗೆ ೨೦೦೫ರಲ್ಲಿ ಫಲಕವೊಂದನ್ನು ಹಾಕಿದರು. ಅವನ ಮೊಮ್ಮಗನಾದ ಫ್ರೆಡರಿಕ್ ಅಕ್ಬರ್ ಮಹಮದನು ನಿಜವಾದ ವೈದ್ಯನೇ ಆಗಿ, ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ರಕ್ತದ ಒತ್ತಡವನ್ನು ಕುರಿತು ಮೊದಮೊದಲ ಮಹತ್ತ್ವದ ಸಂಶೋಧನೆಗಳನ್ನು ಮಾಡಿ, ೧೮೮೪ರಲ್ಲಿ ಮೂವತ್ತೈದರ ಪ್ರಾಯದಲ್ಲಿ ಅಳಿದನು. ಅಜ್ಜನು ಒತ್ತಿದನು, ಮೊಮ್ಮಗನು ಒತ್ತಡವನ್ನು ಅಳೆದನು. ಈ ಶ್ಲೇಷವು ಕನ್ನಡದಲ್ಲಿ ಮಾತ್ರ ಸಾಧ್ಯವೆಂದು ನಾವು ಬಿಡದೆ ಹೇಳಿದ್ದೇವೆ, ವಾಚಕರು ಕ್ಷಮಿಸಬೇಕು.

ಮುಂದಿನ ಕಥೆಯು ಬೇಗ ನಡೆಯುತ್ತದೆ. ೧೮೬೦ರ ದಶಕದ ಹೊತ್ತಿಗೆ ಶಾಂಪೂ ಎಂಬ ಮಾತು ಮೈಯಿಂದ ತಲೆಗೆ ಏರಿತು. ಆಂಗ್ಲರ ಕ್ಷೌರದಂಗಡಿಗಳಲ್ಲಿ ಸಾಬೂನಿನ ನೀರನ್ನು ಹಚ್ಚಿ ತಲೆಯನ್ನು ತಿಕ್ಕಿ ತೊಳೆಯುವುದಕ್ಕೆ ಆ ಹೆಸರಾಯಿತು. ಇಲ್ಲಿಯವರೆಗೂ ಕೈ ಉಳಿದಿತ್ತು. ಮೈಯೊತ್ತುವ ಕೆಲಸಕ್ಕೆ ಫ್ರೆಂಚರಿಂದ ‘ಮಸಾಜ್’ ಎಂಬ ಮಾತನ್ನು ತಂದುಕೊಂಡರು. ಹೀಗೆ ಶಾಂಪೂವಿನ ಹಳೆಯ ಮನೆಗೆ ಬೇರೆ ಬಾಡಿಗೆದಾರನು ಬಂದಮೇಲೆ ಅದು ಹಿಂದಕ್ಕೆ ಹೋಗುವಂತಿರಲಿಲ್ಲ. ಕೊನೆಗೆ ತೊಳೆಯುವ ಕ್ರಿಯೆಯಿಂದ ತೊಳೆಯುವ ದ್ರವ್ಯಕ್ಕೆ ಹೆಸರು ಜಾರಿತು. ಬರ್ಲಿನ್ ನಗರದಲ್ಲಿ ಔಷಧಿಯಂಗಡಿಯನ್ನಿಟ್ಟಿದ್ದ ಹಾನ್ಸ್ ಶ್ವಾರ್ಟ್ಸ್‌ಕೋಫ್ ಎಂಬುವನು ೧೯೦೩ರಲ್ಲಿ ನೀರಿನಲ್ಲಿ ಕಲಸತಕ್ಕ ಶಾಂಪೂಪುಡಿಯನ್ನು ಪೊಟ್ಟಣ ಕಟ್ಟಿ ಇಪ್ಪತ್ತು ಫೆನ್ನಿಗ್ಗಿಗೆ ಮಾರಿದನು. ೧೯೨೭ರಲ್ಲಿ ಅವನ ಕಂಪನಿಯು ದ್ರವರೂಪದ ಶಾಂಪೂವನ್ನು ತಂದಿತು. ಜರ್ಮನ್ ಭಾಷೆಯಲ್ಲಿ ‘ಶೌಮ್’ ಎಂದರೆ ನೊರೆ. ಆದ್ದರಿಂದ ಅವನ ಪೊಟ್ಟಣಗಳ ಮೇಲೆ ‘ಶೌಮ್‌ಪೋನ್’ ಎಂಬ ಹೆಸರು ಅಚ್ಚಾಯಿತು. ಒತ್ತು ಎಂಬ ಆಜ್ಞೆಯು ನೊರೆ ಎಂಬ ನಾಮಪದವಾಗಿ ಕೇಳಿಸಿದ ಆ ಕ್ಷಣವೇ ಅದರ ಸಂನ್ಯಾಸದೀಕ್ಷೆಯೆಂದು ನಾವು ಎಣಿಸುತ್ತೇವೆ.

೧೯೩೪ರಲ್ಲಿ ಅಮೆರಿಕದಲ್ಲಿ ‘ಡ್ರೀನ್’ ಎಂಬ ಶಾಂಪೂ ಮಾರಾಟಕ್ಕೆ ಬಂದಿತು. ಅದರಲ್ಲಿ ಸಾಬೂನಿಗೆ ಬದಲು ಕೃತಕ ಮಾರ್ಜಕವಿದ್ದಿತು. ಇದರ ಗುಣವನ್ನು ಗೃಹಿಣಿಯರು ಸುಲಭವಾಗಿ ತಿಳಿಯಬಹುದು. ಗಡಸು ನೀರಿನಲ್ಲಿ ಸಾಬೂನನ್ನು ಹಾಕಿದರೆ, ನೀರಿನ ಸುಣ್ಣದ ಅಂಶವು ಸಾಬೂನಿನೊಡನೆ ಕೂಡಿ ಕರಗದ ಗಷ್ಟವಾಗುತ್ತದೆ. ಕೊಳವೆಬಾವಿಯ ನೀರಿನ ಮನೆಗಳಲ್ಲಿ ಬಕೆಟ್ಟಿನ ಒಳಮೈಗೆ ಹತ್ತುವ ಬಿಳಿಯ ಜಿಡ್ಡು ಅದೇ. ಕೂದಲಿಗೂ ಅದೇ ಹತ್ತಿ ಅಂಟುತ್ತದೆ. ಕೃತಕ ಮಾರ್ಜಕಕ್ಕೆ ಈ ದೋಷವಿಲ್ಲ.

ನಮ್ಮ ಸೀಗೆಗೂ ಅಂಟುವಾಳಕ್ಕೂ ಸಾಬೂನಿನ ಹಂಗು ಇರಲೇ ಇಲ್ಲ. ಅವುಗಳ ಕಾಯಿಯಲ್ಲಿರುವ ಸಪೋನಿನ್ ಎಂಬ ದ್ರವ್ಯವು ತಾನಾಗಿಯೇ ನೊರೆಗೊಟ್ಟು ಜಿಡ್ಡನ್ನು ಹಿಡಿಯುತ್ತದೆ. ಅಮರಸಿಂಹನು ಅಂಟುವಾಳಕ್ಕೆ ಅರಿಷ್ಟ, ಫೇನಿಲ ಎಂಬ ಎರಡು ಹೆಸರುಗಳನ್ನು ಹೇಳಿದ್ದಾನೆ, ಫೇನಿಲವೆಂದರೆ ನೊರೆಯುಳ್ಳದ್ದು. ನಮ್ಮ ಹಳ್ಳಿಗರು ನೊರೆಕಾಯಿ ಎಂದದ್ದು ಅಮರವನ್ನು ಓದಿಕೊಂಡಲ್ಲ. ಉಣ್ಣೆಯ ಕಂಬಳಿಯನ್ನು ಇದರಿಂದ ಶುದ್ಧಿಮಾಡತಕ್ಕದ್ದೆಂದು ಮನುಸ್ಮೃತಿಯಲ್ಲಿಯೂ ಇದೆ. ಮಲೆನಾಡಿನವರು ದಾಸವಾಳದ ಸೊಪ್ಪನ್ನು ಕಿವುಚಿ ಲೋಳೆ ತೆಗೆದು ‘ಗೊಂಪು’ ಹಚ್ಚುವುದನ್ನು ಬಲ್ಲವರು ಬಲ್ಲರು.

ಆದರೆ ನೀರು ತುಂಬುವ ಹಬ್ಬದ ಮಾರನೆಯ ಬೆಳಗ್ಗೆ, ಇನ್ನೂ ಕತ್ತಲಿರುವಾಗ, ಮಣೆಯ ಮೇಲೆ ಕುಳಿತವನಿಗೆ ನಡೆಯುತ್ತಿದ್ದದ್ದು ಬರಿಯ ತೊಳೆಯುವ ಕೆಲಸವಾಗಿರಲಿಲ್ಲ. ಏಳು ಮಂದಿ ಚಿರಂಜೀವಿಗಳ ಹೆಸರಿನಲ್ಲಿ ನೆಲಕ್ಕೆ ಎಣ್ಣೆಯ ಬೊಟ್ಟುಗಳನ್ನಿಟ್ಟು, ಅನಂತರ ನೆತ್ತಿಗೆ ಎಣ್ಣೆಯನ್ನು ತಟ್ಟುತ್ತಿದ್ದ ಕೈ ಯಾವಾಗಲೂ ಇನ್ನೊಬ್ಬರದು: ಅಜ್ಜಿಯದು, ತಾಯಿಯದು, ಅತ್ತಿಗೆಯದು. ತನ್ನ ನೆತ್ತಿಗೆ ತಾನೇ ಎಣ್ಣೆಯೊತ್ತಿಕೊಳ್ಳುವವನನ್ನು ಕಂಡರೆ ಅಯ್ಯೋ ಎನ್ನುತ್ತಿದ್ದರು. ಬಾಣಂತಿಯ ಮನೆಗೆ ಬಂದು, ಚಾಚಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು, ಒತ್ತಿ ನೀವಿ ನೀರೆರೆಯುತ್ತಿದ್ದ ಮುದುಕಿಯರು ಊರೂರಿನಲ್ಲಿಯೂ ಇದ್ದರು. ನಮ್ಮ ತಲೆಮಾರಿನವರಲ್ಲಿ ಅನೇಕರನ್ನು ಲೋಕದಲ್ಲಿ ಮೊದಲು ಒತ್ತಿದ ಕೈ ಅದೇ. ಅವರಿಗೆ ಮೊರದಲ್ಲಿ ಅಕ್ಕಿ, ಒಂದು ಸೀರೆ, ನಾಲ್ಕು ಕಾಸು ಸಂದವು. ‘ಸರ್ಜನ್’ ಎಂಬ ಬಿರುದನ್ನು ಕೊಡುವುದಿರಲಿ, ಎಷ್ಟೋ ಮನೆಗಳಲ್ಲಿ ಅವರಿಗೆ ನಡುಮನೆಯೊಳಕ್ಕೆ ಕರೆಯೂ ಇರಲಿಲ್ಲ. ಹಳೆಯ ಪದ್ಧತಿಯನ್ನು ಹೊಗಳುವವರು ಇದನ್ನೂ ಸೇರಿಸಿಕೊಂಡು ಹೊಗಳಬೇಕು.

ಶಾಂಪೂವು ಸಾಗರವನ್ನು ದಾಟಿ ಮರಳಿ ಬಂದಾಗ ಅದನ್ನು ಇಲ್ಲಿ ಯಾರೂ ಗುರುತಿಸಲಿಲ್ಲ. ಬಹುಕಾಲ ಅದು ಸೀಸೆಯಲ್ಲಿದ್ದು, ಉಳ್ಳವರ ವಸ್ತುವಾಗಿಯೇ ಉಳಿಯಿತು. ಅದನ್ನು ಬಡವನ ಬಚ್ಚಲಿಗೆ ಇಳಿಸಿದ ಯುಕ್ತಿಯು ಹುಟ್ಟಿದ್ದು ಬರ್ಲಿನ್ನಿನಲ್ಲಿಯೂ ಅಲ್ಲ, ಬೊಂಬಾಯಿಯಲ್ಲಿಯೂ ಅಲ್ಲ; ತಮಿಳುನಾಡಿನ ಕಡಲೂರಿನಲ್ಲಿ. ಚಿನ್ನಿಕೃಷ್ಣನ್ ಎಂಬುವರು ಒಂದು ಸಲದ ಸ್ನಾನಕ್ಕೆ ಸಾಲುವಷ್ಟನ್ನೇ ಪುಟ್ಟ ಪೊಟ್ಟಣದಲ್ಲಿ ತುಂಬಿ ಮಾರುವ ಮಾರ್ಗವನ್ನು ಹಾಕಿಕೊಟ್ಟರು. ಅವರ ಮಗ ರಂಗನಾಥನ್ ಅವರು ೧೯೮೩ರಲ್ಲಿ ಹದಿನೈದು ಸಾವಿರ ರೂಪಾಯಿಗಳ ಬಂಡವಾಳದಿಂದ ಬೇರೆಯೇ ಉದ್ಯಮವನ್ನು ಆರಂಭಿಸಿ, ‘ಚಿಕ್’ ಎಂಬ ಪೊಟ್ಟಣವನ್ನು ಹಳ್ಳಿಹಳ್ಳಿಗೂ ಮುಟ್ಟಿಸಿದರು. ದೊಡ್ಡ ದೊಡ್ಡ ಕಂಪನಿಗಳು ಆಮೇಲೆ ಅದೇ ದಾರಿಯನ್ನು ತುಳಿದವು. ಕೂಲಿಯ ಹೆಣ್ಣುಮಗಳೂ ಹಬ್ಬದ ದಿನ ನೊರೆಯ ತಲೆಸ್ನಾನವನ್ನು ಮಾಡುವಂತಾದುದು ಸಣ್ಣ ಮಾತಲ್ಲ. ಆ ಪೊಟ್ಟಣಗಳು ಕೊಳೆಯದೆ ಕೆರೆಯ ಕೋಡಿಯಲ್ಲಿ ಸಿಕ್ಕಿಕೊಂಡು ಹೊಳೆಯುತ್ತಿರುವುದೂ ಸಣ್ಣ ಮಾತಲ್ಲ.

ಈ ನಡುವೆ, ಪರದೇಶಕ್ಕೆ ಹೋಗದೆ ಊರಿನಲ್ಲಿಯೇ ಉಳಿದ ಒಡಹುಟ್ಟು ಒಂದಿದೆ. ಕ್ಷೌರದಂಗಡಿಯಲ್ಲಿ ಕೆಲಸ ಮುಗಿದ ಮೇಲೆ ತಲೆಯನ್ನು ತಟ್ಟಿ ಒತ್ತುವುದಕ್ಕೆ ‘ಚಂಪಿ’ ಎನ್ನುತ್ತಾರಷ್ಟೆ. ಅದು ಈ ಚಾಂಪೋವಿನ ಸ್ವಂತ ತಂಗಿ. ೧೯೫೭ರ ‘ಪ್ಯಾಸಾ’ ಎಂಬ ಹಿಂದೀ ಚಿತ್ರದಲ್ಲಿ ಕಲ್ಕತ್ತೆಯ ಬೀದಿಯಲ್ಲಿ ಎಣ್ಣೆಯ ಸೀಸೆ ಹಿಡಿದು ಹಾಡುತ್ತ ತಿರುಗುವ ಚಂಪಿಯವನಾಗಿ ಜಾನಿ ವಾಕರ್ ಅವರು ಕಾಣಿಸಿಕೊಂಡ ಮೇಲೆ, ದೇಶದ ಮಕ್ಕಳೆಲ್ಲ ಆ ಕೂಗನ್ನು ಅನುಕರಿಸಿದರು. ನಮ್ಮ ಊರಿನ ಕ್ಷೌರದಂಗಡಿಯ ಕಪಾಟಿನಲ್ಲಿ ಶಾಂಪೂವಿನ ಸೀಸೆಗಳು ಸಾಲಾಗಿವೆ. ಅದರ ಮುಂದಿನ ಕುರ್ಚಿಯಲ್ಲಿ ಚಂಪಿ ನಡೆಯುತ್ತಿರುತ್ತದೆ. ಚಲಚ್ಚಿತ್ರಗಳಲ್ಲಿ ಜಾತ್ರೆಯಲ್ಲಿ ಅಗಲಿದ ಅಣ್ಣತಂಗಿಯರು ಕೊನೆಯ ರೀಲಿನಲ್ಲಾದರೂ ಒಬ್ಬರನ್ನೊಬ್ಬರು ಗುರುತಿಸುತ್ತಾರೆ. ಇವರಿಗೆ ಆ ಭಾಗ್ಯವೂ ಬಂದಿಲ್ಲ.

ಇತ್ತೀಚೆಗೆ ರತ್ನಗಂಬಳಿಯ ಶಾಂಪೂ, ಮೋಟಾರುಗಾಡಿಯ ಶಾಂಪೂ, ನೀರೇ ಬೇಡದ ಒಣ ಶಾಂಪೂ ಎಂಬುವೂ ಅಂಗಡಿಗಳಲ್ಲಿ ದೊರೆಯುತ್ತವೆ. ಇವುಗಳನ್ನು ಕುರಿತು ನಾವು ಬರೆಯುವುದಿಲ್ಲ. ವಾಚಕರು ತಮ್ಮ ಮನೆಯ ತಲೆಸ್ನಾನದ ಸೀಸೆಯನ್ನು ತಿರುಗಿಸಿ ಬೆನ್ನಿನ ಕಡೆಯ ಬರಹವನ್ನು ಓದಿದರೆ ಸಾಕು. ಕನ್ನಡಕವಿಲ್ಲದೆ ನಮಗೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ, ಬಳಸುವ ಕ್ರಮವನ್ನು ಅಚ್ಚುಹಾಕಿರುತ್ತಾರೆ. ಕೂದಲನ್ನು ನೆನೆಸಿ, ಶಾಂಪೂವನ್ನು ಹಚ್ಚಿ, ಬೆರಳ ತುದಿಗಳಿಂದ ಮೆಲ್ಲಗೆ ಒತ್ತಿ ತಿಕ್ಕತಕ್ಕದ್ದೆಂದು ಅಲ್ಲಿದೆ. ಕ್ರಿಯಾಪದವು ಈಗಲೂ ಆಜ್ಞಾರ್ಥದಲ್ಲಿಯೇ ಇದೆ.